ಪಿತೃನಿರ್ಣಯ

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಹುಡುಕಬಾರದೆಂಬುದು ಹಿರಿಯರ ಮಾತು. ಹಾಗೆಂದವರೇ ಮದುವೆಯ ಪ್ರಸ್ತಾಪ ಬಂದಾಗ ಬೀಗರಾಗತಕ್ಕವರ ಮೂಲವನ್ನು ಮೂರು ತಲೆಯವರೆಗೆ ವಿಚಾರಿಸದೆ ಬಿಟ್ಟವರಲ್ಲ. ಮೂಲವನ್ನು ತಿಳಿಯಬೇಕೆಂಬ ಹಂಬಲ ಮನುಷ್ಯಸ್ವಭಾವಕ್ಕೆ ಸೇರಿದುದು. ತಿಳಿದರೆ ಏನು ಕಾದಿದೆಯೋ ಎಂಬ ಅಳುಕೂ ಅದೇ ಸ್ವಭಾವಕ್ಕೆ ಸೇರಿದುದು. ಈ ಎರಡರ ನಡುವಣ ಜಗ್ಗಾಟವನ್ನು ಸ್ಪಷ್ಟವಾಗಿ ಕಾಣಬೇಕಾದರೆ ಅಮೆರಿಕದ ವಂಶಾವಳಿಕಾರರ ಕೆಲಸವನ್ನು ನೋಡಬೇಕು.

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಕಡಲು ದಾಟಿ ಆ ದೇಶಕ್ಕೆ ಹೋದವರಲ್ಲಿ ಬಹುಮಂದಿ ಹಿಂದಿನ ಊರುಕೇರಿಗಳ ಸಂಬಂಧವನ್ನು ಹರಿದುಕೊಂಡೇ ಹೋದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಹೊಸ ನೆಲದಲ್ಲಿ ಬೇರೂರಿ, ೧೭೭೬ರಲ್ಲಿ ಸ್ವಾತಂತ್ರ್ಯವನ್ನು ಸಾರಿ, ಸ್ಥಿತಿವಂತರಾದ ಮೇಲೆ, ಹರಿದ ನೂಲನ್ನು ಮತ್ತೆ ಗಂಟುಹಾಕುವ ಆಸೆ ಹುಟ್ಟಿತು. ೧೮೪೫ರಲ್ಲಿ ಬಾಸ್ಟನ್ ನಗರದಲ್ಲಿ ಇದಕ್ಕಾಗಿಯೇ ಒಂದು ಸಂಘವು ಸ್ಥಾಪಿತವಾಯಿತು. ೧೮೪೭ರಲ್ಲಿ ಅದರ ಪತ್ರಿಕೆ ಹೊರಟಿತು. ೧೬೨೦ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ ಬಂದಿಳಿದವರ ವಂಶಸ್ಥರು ೧೮೯೭ರಲ್ಲಿ ತಮ್ಮದೇ ಒಂದು ಸಂಘವನ್ನು ಕಟ್ಟಿಕೊಂಡರು. ಅದಕ್ಕೆ ಸೇರಬಯಸುವವರು ಹಡಗಿನಿಂದ ತಮ್ಮವರೆಗೆ ಒಂದೊಂದು ತಲೆಗೂ ರುಜುವಾತು ಒದಗಿಸಬೇಕು. ರಾಜತ್ವವನ್ನೇ ತೊಲಗಿಸಿದ ಜನ ತಮ್ಮ ಪೂರ್ವಿಕರ ಪಟ್ಟಿಯಲ್ಲಿ ರಾಜರನ್ನು ಅರಸುತ್ತ ಕುಳಿತುದು ವಿಚಿತ್ರವೇ ಸರಿ. ಆದರೆ ಅದರಿಂದ ಒಂದು ಉಪಕಾರವಾಯಿತು. ತಂದೆಯೆಂಬ ಪದಕ್ಕೆ ಪ್ರಮಾಣವೇನು ಎಂಬ ಹಳೆಯ ಪ್ರಶ್ನೆಯು ತರ್ಕದ ಪಾಠಶಾಲೆಯಿಂದ ಹೊರಬಿದ್ದು ದಫ್ತರಗಳ ಧೂಳಿನ ನಡುವೆ ಬಂದು ನಿಂತಿತು.

ತಾಯಿ ಯಾರೆಂಬುದು ಪ್ರತ್ಯಕ್ಷದಿಂದ ತಿಳಿಯುವ ವಿಷಯ. ಹೆರಿಗೆಯ ಕೋಣೆಯಲ್ಲಿ ಇದ್ದವರು ಕಣ್ಣಾರೆ ಕಂಡಿರುತ್ತಾರೆ. ತಂದೆ ಯಾರೆಂಬುದಕ್ಕೆ ಅಂಥ ಪ್ರತ್ಯಕ್ಷವಿಲ್ಲ. ಅಲ್ಲಿರುವುದು ಅನುಮಾನ, ಇಲ್ಲವೆ ಶಬ್ದ. ಶಬ್ದಪ್ರಮಾಣವೆಂದರೆ ಆಪ್ತನ ವಾಕ್ಯ. ಆಪ್ತನೆಂದರೆ ಇದ್ದುದನ್ನು ಇದ್ದಂತೆ ತಿಳಿದು, ತಿಳಿದುದನ್ನು ತಿಳಿದಂತೆ ಹೇಳುವವನು. ಹೇಳುವುದರಿಂದ ತನಗೆ ಬರುವ ಲಾಭನಷ್ಟವನ್ನು ಎಣಿಸದವನು. ಸಂಸಾರದಲ್ಲಿ ಇಂಥ ಆಪ್ತರು ಎಷ್ಟು ಮಂದಿ? ಸಾಕ್ಷಿಗಳೆಲ್ಲರೂ ಸತ್ತು ಮುನ್ನೂರು ವರ್ಷವಾಗಿ, ಉಳಿದುದು ಹುಳು ತಿಂದ ನಾಲ್ಕು ಹಾಳೆಯಾದರೆ, ಆ ಹಾಳೆಗಳಲ್ಲಿ ಆಪ್ತವಾಕ್ಯವಾವುದು, ಸ್ವಾರ್ಥವಾಕ್ಯವಾವುದು ಎಂದು ಬೇರ್ಪಡಿಸುವ ಅಧಿಕಾರ ಯಾರದು?

ಹಾಳೆಗಳು ಸುಳ್ಳು ಹೇಳದೆಯೂ ಮೋಸಮಾಡಬಲ್ಲುವು. ಅಂದಿನ ಇಂಗ್ಲಿಷಿನಲ್ಲಿ ‘ಕಸಿನ್’ ಎಂದು ಬರೆದಿದ್ದರೆ ಅದು ಅಣ್ಣನ ಮಗನೂ ಆಗಬಹುದು, ತಂಗಿಯ ಮಗಳೂ ಆಗಬಹುದು. ಅಳಿಯನನ್ನು ಹೇಳುವ ಪದವೇ ಹೆಂಡತಿಯ ಮೊದಲ ಗಂಡನ ಮಗನಿಗೂ ಸಲ್ಲುತ್ತಿತ್ತು. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ವಯಸ್ಸಾದವನಿಗೆ ‘ಸೀನಿಯರ್’, ಕಿರಿಯನಿಗೆ ‘ಜೂನಿಯರ್’ ಎಂಬ ವಿಶೇಷಣ. ಅವರು ತಂದೆಮಕ್ಕಳಾಗಿರಬೇಕಾದುದೇನೂ ಇಲ್ಲ, ಹಿರಿಯನು ಸತ್ತರೆ ಕಿರಿಯನೇ ‘ಸೀನಿಯರ್’ ಆಗಿಬಿಡುತ್ತಿದ್ದನು. ಮರಣಶಾಸನದಲ್ಲಿ ಹಿರಿಯ ಮಗನ ಹೆಸರಿಲ್ಲದಿದ್ದರೆ ಅವನು ಮಗನೇ ಅಲ್ಲವೆಂದು ತಿಳಿಯುವುದು ತಪ್ಪು. ತನ್ನ ಪಾಲನ್ನು ಮೊದಲೇ ಪಡೆದು ಬೇರೆ ಹೋಗಿದ್ದಿರಬಹುದು. ಎಲ್ಲಕ್ಕಿಂತ ಸ್ವಾರಸ್ಯವಾದುದು ಪಂಚಾಂಗದ ತೊಡಕು. ೧೭೫೨ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿಯೂ ಅದರ ವಸಾಹತುಗಳಲ್ಲಿಯೂ ವರ್ಷವು ಆರಂಭವಾಗುತ್ತಿದ್ದುದು ಮಾರ್ಚ್ ೨೫ರಂದು. ಹೀಗಿರಲು, ೧೭೦೦ರ ಏಪ್ರಿಲ್‌ನಲ್ಲಿ ಮದುವೆಯಾದ ದಂಪತಿಗಳಿಗೆ ೧೭೦೦ರ ಫೆಬ್ರವರಿಯಲ್ಲಿ ಮಗು ಹುಟ್ಟಿತೆಂದು ದಫ್ತರದಲ್ಲಿದ್ದರೆ, ಅದು ಮದುವೆಗೆ ಹಿಂದಿನ ಫೆಬ್ರವರಿಯಲ್ಲ, ಮುಂದಿನದು. ಇದನ್ನರಿಯದ ಅವಸರದ ವಂಶಾವಳಿಕಾರನು ಒಬ್ಬ ಸಾಧ್ವಿಯನ್ನು ಕಳಂಕಿನಿಯೆಂದು ಬರೆದುಬಿಡಬಹುದು. ಸತ್ತವರು ಮಾನನಷ್ಟಕ್ಕೆ ದಾವೆ ಹೂಡುವುದಿಲ್ಲ. ಆದುದರಿಂದಲೇ ಅವರ ವಿಷಯದಲ್ಲಿ ಬದುಕಿರುವವರ ಲೇಖನಿಯು ಹೆಚ್ಚು ಎಚ್ಚರದಿಂದಿರಬೇಕಾಗಿದೆ.

ಇದು ಅಜ್ಞಾನದಿಂದ ಆಗುವ ತಪ್ಪು. ಬೇಕೆಂದೇ ಮಾಡುವವರೂ ಇದ್ದರು. ಸ್ವೀಡನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲಸಿ ೧೯೪೨ರಲ್ಲಿ ತೀರಿಕೊಂಡ ಗುಸ್ತಾವ್ ಆಂಜೂ ಎಂಬಾತನು ಸಿರಿವಂತರಿಗೆ ಪೂರ್ವಿಕರನ್ನು ಒದಗಿಸುವುದನ್ನೇ ಕಸಬುಮಾಡಿಕೊಂಡಿದ್ದನು. ಅವನ ಚಾತುರ್ಯ ಎಲ್ಲಿತ್ತೆಂದರೆ, ಅವನು ಎಲ್ಲವನ್ನೂ ಕಲ್ಪಿಸುತ್ತಿರಲಿಲ್ಲ. ಹಿಂದೆಯೂ ಮುಂದೆಯೂ ನಿಜವಾದ ದಾಖಲೆಗಳನ್ನು ಜೋಡಿಸಿ, ಅಮೆರಿಕದ ಮನೆಗೂ ಇಂಗ್ಲೆಂಡಿನ ಅರಮನೆಗೂ ನಡುವೆ ಕೊಂಡಿ ಬೇಕಾದಲ್ಲಿ ಮಾತ್ರ ಇಲ್ಲದ ಒಂದು ಮರಣಶಾಸನವನ್ನೋ ಇಲ್ಲದ ಒಂದು ನಾಮಕರಣವನ್ನೋ ಸೇರಿಸುತ್ತಿದ್ದನು. ಹಾಲಿಗೆ ನೀರು ಬೆರೆಸುವವನು ಬರಿಯ ನೀರನ್ನು ಮಾರುವುದಿಲ್ಲವಷ್ಟೆ. ಅವನು ಕಟ್ಟಿದ ವಂಶವೃಕ್ಷಗಳು ಗ್ರಂಥಾಲಯ ಸೇರಿ, ಅಲ್ಲಿಂದ ಬೇರೆ ಗ್ರಂಥಗಳಿಗೆ ಹಬ್ಬಿ, ಕಳೆ ಕೀಳುವವರಿಗೆ ಇಂದಿಗೂ ಕೆಲಸವಿದೆ. ಈ ಕಳೆ ಕೀಳುವ ಕಾರ್ಯಕ್ಕೆ ಶಾಸ್ತ್ರದ ಗೌರವವನ್ನು ತಂದುಕೊಟ್ಟವರಲ್ಲಿ ಡೊನಾಲ್ಡ್ ಲೈನ್ಸ್ ಜೇಕಬಸ್ ಮುಖ್ಯನು. ಅವನು ೧೯೨೨ರಲ್ಲಿ ಆರಂಭಿಸಿದ ಪತ್ರಿಕೆಯು ಹೊಸ ಪೂರ್ವಿಕರನ್ನು ಹುಡುಕಿಕೊಟ್ಟಂತೆಯೇ ಇದ್ದ ಪೂರ್ವಿಕರನ್ನು ಕಿತ್ತುಕೊಂಡುದೂ ಉಂಟು. ತಾತನೆಂದು ನಂಬಿದ್ದವನು ತಾತನಲ್ಲವೆಂದು ಕೇಳಿದ ಮನೆಯವರು ಅವನನ್ನು ಹರಸಿರಲಾರರು.

ಸುಳ್ಳುಗಾರನ ವಿಷಯದಲ್ಲಿ ಧರ್ಮಸಂಕಟವೇನೂ ಇಲ್ಲ. ಸಂಕಟವಿರುವುದು ದಾಖಲೆಯು ನಿಜವಾಗಿದ್ದೂ ನಂಬತಕ್ಕದ್ದೇ ಎಂಬ ಸಂಶಯ ಬಂದಾಗ. ಮೇಫ್ಲವರ್ ಹಡಗಿನಲ್ಲಿ ಬಂದ ನಾಲ್ಕು ಮಕ್ಕಳ ಕಥೆ ಅಂಥದು.

ಆ ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ ಮೋರ್ ಎಂಬ ಮನೆತನದ ಹೆಸರಿನ ನಾಲ್ವರು ಮಕ್ಕಳಿದ್ದರು: ಎಲೆನ್, ಜಾಸ್ಪರ್, ರಿಚರ್ಡ್, ಮೇರಿ. ಹಿರಿಯಳಿಗೆ ಎಂಟು ವರ್ಷ, ಕಿರಿಯಳಿಗೆ ನಾಲ್ಕು. ಜೊತೆಯಲ್ಲಿ ತಂದೆಯಿಲ್ಲ, ತಾಯಿಯಿಲ್ಲ. ಮೂರು ಬೇರೆ ಬೇರೆ ಮನೆಗಳವರಿಗೆ ಅವರನ್ನು ಹಂಚಿಕೊಟ್ಟಿದ್ದರು. ಹೊಸ ನೆಲದ ಮೊದಲ ಚಳಿಗಾಲದಲ್ಲಿಯೇ ಮೂವರು ಸತ್ತರು. ಐದು ವರ್ಷದ ರಿಚರ್ಡನೊಬ್ಬನು ಬದುಕಿ, ಬ್ರೂಸ್ಟರ್ ಎಂಬ ಹಿರಿಯನ ಮನೆಯಲ್ಲಿ ಬೆಳೆದು, ಹಡಗಿನ ಕಪ್ತಾನನಾಗಿ, ಸೇಲಂ ಊರಿನಲ್ಲಿ ಮುಪ್ಪಿನವರೆಗೆ ಬಾಳಿದನು. ಅವರನ್ನು ಲಂಡನ್ನಿನ ಬೀದಿಯ ಅನಾಥರೆಂದು ಊಹಿಸಿದವರುಂಟು. ೧೯೫೯ರಲ್ಲಿ ಇಂಗ್ಲೆಂಡಿನ ಷ್ರಾಪ್‌ಷೈರ್ ಸೀಮೆಯ ಒಂದು ಹಳೆಯ ಮನೆಯ ಕಾಗದಪತ್ರಗಳಲ್ಲಿ ೧೬೨೨ನೆಯ ಇಸವಿಯ ಒಂದು ಹೇಳಿಕೆ ಸಿಕ್ಕಿತು. ಅದನ್ನು ಬರೆಸಿದವನು ಸ್ಯಾಮ್ಯುಅಲ್ ಮೋರ್ ಎಂಬ ಗೃಹಸ್ಥ. ಆ ನಾಲ್ಕು ಮಕ್ಕಳ ತಾಯಿಯ ಗಂಡ.

ಹೇಳಿಕೆಯಿಂದಲೂ ಚರ್ಚಿನ ದಫ್ತರದಿಂದಲೂ ತಿಳಿದುಬಂದ ಸಂಗತಿ ಇದು. ೧೬೧೧ರಲ್ಲಿ ಸ್ಯಾಮ್ಯುಅಲನಿಗೂ ಅವನ ದಾಯಾದಿಯ ಮಗಳಾದ ಕ್ಯಾಥರೀನಳಿಗೂ ಮದುವೆಯಾಯಿತು. ವರನು ಇನ್ನೂ ಹದಿನೇಳರ ಆಸುಪಾಸಿನ ಹುಡುಗ. ವಧುವು ಅವನಿಗಿಂತ ಏಳೆಂಟು ವರ್ಷ ಹಿರಿಯಳು. ಲಾರ್ಡನ್ ಎಂಬ ಅವಳ ತಂದೆಯ ಜಮೀನು ಮನೆತನದ ಕೈಬಿಟ್ಟು ಹೋಗದಿರಲೆಂದು ಮಾಡಿದ ಸಂಬಂಧವಿದು. ನಾಲ್ಕು ವರ್ಷದೊಳಗೆ ನಾಲ್ಕು ಮಕ್ಕಳಾದವು. ನಾಲ್ಕಕ್ಕೂ ಊರಿನ ಚರ್ಚಿನಲ್ಲಿ ಸ್ಯಾಮ್ಯುಅಲನ ಮಕ್ಕಳೆಂದೇ ದೀಕ್ಷಾಸ್ನಾನವಾಯಿತು. ಗಂಡನು ಒಬ್ಬ ಪ್ರಭುವಿನ ಕಾರ್ಯದರ್ಶಿಯಾಗಿ ಬಹುಕಾಲ ಮನೆಯಿಂದ ದೂರವಿರುತ್ತಿದ್ದನು. ೧೬೧೬ರಲ್ಲಿ, ಈ ಮಕ್ಕಳು ತನ್ನವಲ್ಲ, ಜೇಕಬ್ ಬ್ಲೇಕ್‌ವೇ ಎಂಬ ನೆರೆಯವನವು ಎಂದು ಅವನು ನಿಶ್ಚಯಿಸಿಕೊಂಡನು. ಆಸ್ತಿಯು ಅವರಿಗೆ ಸೇರದಂತೆ ಪತ್ರಗಳನ್ನು ಬದಲಾಯಿಸಿದನು. ಮಕ್ಕಳನ್ನು ತಾಯಿಯಿಂದ ಬಿಡಿಸಿ ತನ್ನ ತಂದೆಯ ಒಕ್ಕಲ ಮನೆಯೊಂದರಲ್ಲಿ ಇರಿಸಿದನು. ತಾಯಿಯು ಅಲ್ಲಿಗೆ ಹೋಗಿ, ಕೂಗಾಡಿ, ಶಪಿಸಿ, ಮಕ್ಕಳ ಮೈಮೇಲಿನ ಬಟ್ಟೆಗಳನ್ನು ಹರಿದಳಂತೆ. ನ್ಯಾಯಸ್ಥಾನಗಳಲ್ಲಿ ವ್ಯಾಜ್ಯ ನಡೆದು ದಂಪತಿಗಳು ಬೇರಾದರು. ಅವಳ ಮೇಲ್ಮನವಿಗಳು ಬಿದ್ದುಹೋದವು. ೧೬೨೦ರ ಬೇಸಗೆಯಲ್ಲಿ ಮಕ್ಕಳನ್ನು ಲಂಡನ್ನಿಗೆ ಸಾಗಿಸಿ, ಏಳು ವರ್ಷ ಅನ್ನಬಟ್ಟೆ, ಅನಂತರ ತಲೆಗೆ ಐವತ್ತು ಎಕರೆ ಭೂಮಿ ಎಂಬ ಕರಾರಿನ ಮೇಲೆ ಹಡಗು ಹತ್ತಿಸಲಾಯಿತು. ಮಕ್ಕಳೆಲ್ಲಿ ಎಂದು ಕ್ಯಾಥರೀನಳು ೧೬೨೨ರಲ್ಲಿ ಇಂಗ್ಲೆಂಡಿನ ಮುಖ್ಯ ನ್ಯಾಯಾಧಿಪತಿಗೆ ಮೊರೆಯಿಟ್ಟಳು. ಅದಕ್ಕೆ ಕೊಟ್ಟ ಉತ್ತರವೇ ಈ ಹೇಳಿಕೆ. ಆ ವೇಳೆಗೆ ಮೂರು ಮಕ್ಕಳು ಮಣ್ಣಾಗಿದ್ದವು.

ಪತಿಯು ಕೊಡುವ ಪ್ರಮಾಣವೇನು? ಮುಖ್ಯವಾಗಿ ಹೋಲಿಕೆ. ಮಕ್ಕಳಲ್ಲಿ ಹೆಚ್ಚಿನವರ ಮುಖಚರ್ಯೆಯೂ ಅಂಗಾಂಗಗಳ ಮಾಟವೂ ಬ್ಲೇಕ್‌ವೇಯನ್ನು ಹೋಲುತ್ತಿದ್ದವು ಎಂಬುದು ಅವನ ಮಾತು. ಹೆಚ್ಚಿನವರು, ಎಲ್ಲರೂ ಅಲ್ಲ. ಈ ಒಂದು ಪದ ಅವನ ಬಾಯಿಂದ ಜಾರಿತೋ ಅಥವಾ ಸತ್ಯಕ್ಕೆ ಅವನು ಅಷ್ಟರಮಟ್ಟಿಗೆ ತಲೆಬಾಗಿದನೋ ಹೇಳಲಾಗದು. ಹೋಲದಿದ್ದ ಮಗುವು ಯಾವುದು, ಅದನ್ನೂ ಹಡಗಿಗೆ ಏರಿಸಿದುದೇಕೆ? ಹೋಲಿಕೆಯೆಂಬುದು ಸಂಶಯವನ್ನು ಹಿಂಬಾಲಿಸಿ ಬರುವ ವಸ್ತು. ಅನುಮಾನದ ಕಣ್ಣಿಗೆ ತೊಟ್ಟಿಲಿನ ಕೂಸಿನ ಮೂಗೂ ಸಾಕ್ಷಿ ನುಡಿಯುತ್ತದೆ. ಇನ್ನು ಎರಡನೆಯದು ಕ್ಯಾಥರೀನಳ ಒಪ್ಪಿಗೆ. ಬ್ಲೇಕ್‌ವೇಗೂ ತನಗೂ ಮೊದಲೇ ವಾಗ್ದಾನವಾಗಿತ್ತೆಂದೂ, ಸಾಕ್ಷಿಗಳಿಂದ ಅದನ್ನು ಸಾಕಷ್ಟು ಸ್ಥಾಪಿಸಲಾಗದಿದ್ದರೂ ದೇವರ ಮುಂದೆ ಎರಡೂ ಒಂದೇ ಎಂದೂ ಅವಳು ಹೇಳಿದಳಂತೆ. ಇದು ಬಲವಾದ ಸಾಕ್ಷ್ಯವೇ. ಆದರೆ ಈ ಮಾತನ್ನು ಕೇಳಿಸುತ್ತಿರುವವನು ಯಾರು? ಅವಳ ಎದುರುವಾದಿ. ಮಕ್ಕಳನ್ನು ಸಾಗಹಾಕಿದ್ದಕ್ಕೆ ಸಮಜಾಯಿಷಿ ಕೊಡಬೇಕಾಗಿದ್ದವನು. ಮಕ್ಕಳು ತನ್ನವೆಂದಾದರೆ ಆಸ್ತಿಯ ಏರ್ಪಾಟೆಲ್ಲ ತಲೆಕೆಳಗಾಗುತ್ತಿದ್ದವನು. ಅವನು ಹೇಳಿದ್ದು ಪೂರ್ತಿ ನಿಜವಿರಬಹುದು. ಆದರೆ ಆಪ್ತನ ಲಕ್ಷಣ ಅವನಲ್ಲಿಲ್ಲ. ಅವಳು ತನ್ನ ಕೈಯಿಂದಲೇ ಬರೆದ ಒಂದು ಸಾಲು ದೊರೆತಿದ್ದರೆ ತಕ್ಕಡಿಗೆ ಎರಡನೆಯ ತಟ್ಟೆ ಇರುತ್ತಿತ್ತು.

ಇಲ್ಲಿ ವಂಶಾವಳಿಕಾರನು ಏನು ಬರೆಯಬೇಕು? ಅಂದಿನ ಕಾನೂನಿನ ಮಾತು ಸರಳ: ವಿವಾಹಬಂಧನದಲ್ಲಿ ಹುಟ್ಟಿದ ಮಗು ಪತಿಯದೆಂದೇ ಗ್ರಹಿಸತಕ್ಕದ್ದು. ಆ ಲೆಕ್ಕಕ್ಕೆ ರಿಚರ್ಡನು ಸ್ಯಾಮ್ಯುಅಲನ ಮಗ. ಸ್ಯಾಮ್ಯುಅಲನ ಮಾತನ್ನು ನಂಬುವುದಾದರೆ ಬ್ಲೇಕ್‌ವೇಯ ಮಗ. ಅನ್ನವಿಕ್ಕಿ ಬೆಳೆಸಿದವನ ಲೆಕ್ಕಕ್ಕೆ ಬ್ರೂಸ್ಟರನ ಮಗ. ಮೂವರಲ್ಲಿ ಒಬ್ಬನನ್ನು ಆರಿಸಿ ಮಿಕ್ಕವರನ್ನು ಅಳಿಸುವವನು ತನಗೆ ತಿಳಿಯದುದನ್ನು ತಿಳಿದಂತೆ ಬರೆಯುತ್ತಾನೆ. ನಿಸ್ಸಂದೇಹವಾಗಿ ಬರೆಯಬಹುದಾದುದು ತಾಯಿಯ ಹೆಸರೊಂದೇ. ವಿಧಿಯ ವ್ಯಂಗ್ಯವನ್ನು ನೋಡಬೇಕು: ೧೯೭೦ರ ಸುಮಾರಿನಲ್ಲಿ ಶೋಧಕರು ಈ ರಿಚರ್ಡನಿಗೆ ಇಂಗ್ಲೆಂಡು ಸ್ಕಾಟ್ಲೆಂಡುಗಳ ಪ್ರಾಚೀನ ರಾಜರಿಂದ ಇಳಿದ ವಂಶಸಂಬಂಧವನ್ನು ಕಂಡುಹಿಡಿದರು, ಆ ಸಂಬಂಧ ಬರುವುದು ಕ್ಯಾಥರೀನಳ ಕಡೆಯಿಂದ. ಯಾವ ಹೆಂಗಸಿನ ಕಳಂಕದಿಂದ ಕುಲ ಕೆಟ್ಟಿತೆಂದು ಮಕ್ಕಳನ್ನು ಕಡಲಿನಾಚೆಗೆ ಕಳುಹಿಸಿದರೋ, ಆ ಹೆಂಗಸಿನ ಮೂಲಕವೇ ಇಂದು ಸಾವಿರಾರು ಅಮೆರಿಕನರು ರಾಜವಂಶೀಯರೆಂದು ಹೇಳಿಕೊಳ್ಳುತ್ತಾರೆ.

ಸ್ಥಳವನ್ನು ತೆರವಾಗಿ ಬಿಡುವುದೇ ಸರಿ ಎಂಬ ಈ ನಿಯಮಕ್ಕೆ ಎಲ್ಲ ಕಡೆಯೂ ಜಯವೇ? ಹಾಗೆನ್ನಲಾಗದು. ತೆರವಾಗಿ ಬಿಡುವ ಅವಕಾಶ ಇರುವುದು ನಿರ್ಣಯಕ್ಕಾಗಿ ಯಾರೂ ಕಾದಿಲ್ಲದಿರುವಾಗ. ಮಗು ಹಸಿದಿದ್ದರೆ ಯಾರಾದರೂ ಹೊಣೆ ಹೊರಲೇಬೇಕು. ಮಸಾಚುಸೆಟ್ಸ್ ಸೀಮೆಯಲ್ಲಿ ೧೬೬೮ರ ಕಾನೂನು ಇದಕ್ಕೊಂದು ಉಪಾಯವನ್ನು ಹೂಡಿತು. ಮದುವೆಯಿಲ್ಲದೆ ಬಸಿರಾದವಳು ಹೆರಿಗೆಯ ಬೇನೆಯ ನಡುವೆ ಒಬ್ಬನನ್ನು ಹೆಸರಿಸಿ, ಆ ಮಾತಿನಿಂದ ಕದಲದೆ ನಿಂತರೆ, ಅವನೇ ‘ತಂದೆಯೆಂದು ಎಣಿಸಲ್ಪಟ್ಟವನು’, ಪೋಷಣೆಯ ಭಾರ ಅವನದು. ಸೂಲಗಿತ್ತಿಯೇ ಇಲ್ಲಿ ನ್ಯಾಯಾಧಿಕಾರಿ. ಸಾವಿನ ಬಾಗಿಲಲ್ಲಿರುವವಳು ಸುಳ್ಳಾಡಳೆಂಬ ನಂಬಿಕೆಯ ಮೇಲೆ ನಿಂತ ಈ ಪದ್ಧತಿಯಲ್ಲಿ ಕ್ರೌರ್ಯವಿದೆ, ನಿಜ. ಆದರೂ ‘ಎಣಿಸಲ್ಪಟ್ಟವನು’ ಎಂಬ ಪದದಲ್ಲಿ ಒಂದು ವಿವೇಕವೂ ಇದೆ. ಕಾನೂನು ತನಗೆ ಸತ್ಯ ತಿಳಿಯಿತೆಂದು ಹೇಳಿಕೊಳ್ಳಲಿಲ್ಲ, ಮಗುವಿಗೆ ಹಾಲು ಸಿಗಬೇಕೆಂದಷ್ಟೇ ಹೇಳಿತು. ವಸಾಹತಿನ ಕಾಲ ಮುಗಿದ ಮೇಲೂ ಪದ್ಧತಿಯು ಉಳಿದಿತ್ತು. ಮೇಯ್ನ್ ಸೀಮೆಯ ಮಾರ್ಥಾ ಬ್ಯಾಲರ್ಡ್ ಎಂಬ ಸೂಲಗಿತ್ತಿಯು ೧೭೯೧ರಲ್ಲಿ ಸ್ಯಾಲಿ ಪಿಯರ್ಸ್ ಎಂಬಾಕೆಯ ಹೆರಿಗೆಗೆ ಹೋಗಿ ವಿಧಿಯಂತೆ ಪ್ರಶ್ನೆ ಕೇಳಿದಾಗ, ಆ ಹುಡುಗಿ ಹೇಳಿದ ಹೆಸರು ಸೂಲಗಿತ್ತಿಯ ಸ್ವಂತ ಮಗನದಾಗಿತ್ತು. ಮಾರ್ಥಾ ಅದನ್ನು ತನ್ನ ದಿನಚರಿಯಲ್ಲಿ ಮರೆಮಾಚದೆ ಬರೆದಿಟ್ಟಳು. ಕೆಲವು ತಿಂಗಳಲ್ಲಿ ಮದುವೆಯೂ ಆಯಿತು. ಆಪ್ತವಾಕ್ಯಕ್ಕೆ ಉದಾಹರಣೆ ಬೇಕಾದವರು ಈ ದಿನಚರಿಯ ಸಾಲನ್ನು ನೆನೆಯಬಹುದು.

ವರ್ಜೀನಿಯದಲ್ಲಿ ತಂದೆಯ ಹೆಸರಿಗೆ ಇನ್ನೂ ಹೆಚ್ಚಿನ ಬೆಲೆಯಿತ್ತು. ಎಲಿಜಬೆತ್ ಕೀ ಎಂಬವಳು ಆಫ್ರಿಕದ ಮೂಲದ ಒಬ್ಬ ದಾಸಿಯ ಮಗಳು. ತಂದೆಯು ಥಾಮಸ್ ಕೀ ಎಂಬ ಇಂಗ್ಲಿಷ್ ಗೃಹಸ್ಥನೆಂದು ಜನರ ಮಾತು. ಆತನು ೧೬೩೬ರಲ್ಲಿ ಅವಳನ್ನು ಒಂಬತ್ತು ವರ್ಷದ ಕರಾರಿನ ಮೇಲೆ ಮತ್ತೊಬ್ಬನಲ್ಲಿ ಬಿಟ್ಟು ತೀರಿಕೊಂಡನು. ಒಂಬತ್ತು ವರ್ಷವಾಯಿತು, ಇನ್ನೊಂದು ಒಂಬತ್ತೂ ಕಳೆಯಿತು; ಅವಳು ಬೇರೊಬ್ಬ ಒಡೆಯನ ಕೈಸೇರಿ ದುಡಿಯುತ್ತಲೇ ಇದ್ದಳು. ಆ ಒಡೆಯನು ಸತ್ತಾಗ ಆಸ್ತಿಯ ಮೇಲ್ವಿಚಾರಕರು ಅವಳನ್ನೂ ಅವಳ ಕೂಸನ್ನೂ ಆಸ್ತಿಯೆಂದೇ ಎಣಿಸಹೊರಟರು. ವಿಲಿಯಂ ಗ್ರೀನ್‌ಸ್ಟೆಡ್ ಎಂಬವನ ನೆರವಿನಿಂದ ಅವಳು ದಾವೆ ಹೂಡಿದಳು. ತಂದೆಯು ಸ್ವತಂತ್ರನಾದ ಇಂಗ್ಲಿಷರವನು ಎಂದು ಸ್ಥಾಪಿತವಾದರೆ ಅವಳಿಗೆ ಬಿಡುಗಡೆ. ಇಲ್ಲವಾದರೆ ಸಾಯುವವರೆಗೂ ದಾಸ್ಯ.

ತಂದೆ ಸತ್ತು ಇಪ್ಪತ್ತು ವರ್ಷವಾಗಿದೆ. ಪತ್ರವಿಲ್ಲ. ಎಂಬತ್ತು ವರ್ಷದ ಎಲಿಜಬೆತ್ ನ್ಯೂಮನ್ ಎಂಬ ಮುದುಕಿಯು ಪ್ರಮಾಣಮಾಡಿ, ಇವಳು ಕೀಯ ಮಗಳೆಂಬುದು ವರ್ಜೀನಿಯದಲ್ಲೆಲ್ಲ ಹಬ್ಬಿದ್ದ ಮಾತೆಂದೂ, ದಾಸಿಯನ್ನು ಬಸಿರುಮಾಡಿದುದಕ್ಕಾಗಿ ಕೀಗೆ ನ್ಯಾಯಸ್ಥಾನದಲ್ಲಿ ದಂಡವಾಯಿತೆಂದೂ ಹೇಳಿದಳು. ಇನ್ನೊಬ್ಬ ಸಾಕ್ಷಿಯು ಅಂಥ ಸುದ್ದಿಯನ್ನು ಕೇಳಿದ್ದೆನಾದರೂ, ಮಗುವಿನ ತಂದೆ ಬೇರೊಬ್ಬನ ಮನೆಯ ಒಬ್ಬ ತುರ್ಕನೆಂದು ಕೀಯೇ ಹೇಳಿದ್ದನೆಂದನು. ಸುದ್ದಿಗೆ ಪ್ರತಿಸುದ್ದಿ. ಇಂದಿನ ವಂಶಾವಳಿಕಾರನಾದರೆ ‘ಅನಿರ್ಣೀತ’ ಎಂದು ಬರೆದು ಪುಸ್ತಕ ಮುಚ್ಚಬಹುದಾಗಿತ್ತು. ಆದರೆ ಎದುರಿಗೆ ನಿಂತಿದ್ದವಳು ಉಸಿರಾಡುತ್ತಿದ್ದ ಹೆಂಗಸು. ಅವಳ ವಿಷಯದಲ್ಲಿ ‘ಅನಿರ್ಣೀತ’ ಎಂದರೂ ದಾಸ್ಯವೆಂದೇ ನಿರ್ಣಯ. ಪಂಚರು ಮುದುಕಿಯ ಮಾತನ್ನು ನಂಬಿದರು. ಮೇಲಣ ನ್ಯಾಯಸ್ಥಾನ ಅದನ್ನು ತಿರುಗಿಸಿತು. ವಸಾಹತಿನ ಶಾಸನಸಭೆಯ ಸಮಿತಿ ಮತ್ತೆ ಅವಳ ಪಕ್ಷವಹಿಸಿತು. ಕೊನೆಗೆ ೧೬೫೬ರಲ್ಲಿ ಅವಳು ಬಿಡುಗಡೆ ಪಡೆದು ಗ್ರೀನ್‌ಸ್ಟೆಡ್‌ನನ್ನೇ ಮದುವೆಯಾದಳು. ನ್ಯೂಮನ್ ಮುದುಕಿಗೆ ಇದರಿಂದ ಬರಬೇಕಾದುದೇನೂ ಇರಲಿಲ್ಲ. ಕೀಗಾದರೋ ಅಲ್ಲಗಳೆಯಲು ಕಾರಣವಿತ್ತು. ಲಾಭವಿಲ್ಲದವಳ ಮಾತಿಗೆ ತೂಕ ಹೆಚ್ಚು ಎಂಬ ನ್ಯಾಯ ಇಲ್ಲಿ ಬದುಕಿರುವವಳೊಬ್ಬಳನ್ನು ಉಳಿಸಿತು.

ಮುಂದೆ ನಡೆದುದು ನಾಚಿಕೆಗೇಡು. ೧೬೬೨ರಲ್ಲಿ ಅದೇ ಶಾಸನಸಭೆಯು, ಇಂಗ್ಲಿಷರಿಂದ ದಾಸಿಯರಲ್ಲಿ ಹುಟ್ಟಿದ ಮಕ್ಕಳು ಸ್ವತಂತ್ರರೋ ದಾಸರೋ ಎಂಬ ಸಂಶಯವನ್ನು ಪರಿಹರಿಸಲೆಂದು, ಮಗುವು ತಾಯಿಯ ಸ್ಥಿತಿಯನ್ನೇ ಅನುಸರಿಸತಕ್ಕದ್ದೆಂದು ವಿಧಿಸಿತು. ಹೋಗಲಾಡಿಸಿದುದು ಸಂಶಯವನ್ನಲ್ಲ, ಪ್ರಶ್ನೆಯನ್ನು. ತಂದೆ ಯಾರೆಂದು ಇನ್ನು ಕೇಳುವ ಅಗತ್ಯವೇ ಇಲ್ಲ. ತಾಯಿಯ ಪ್ರತ್ಯಕ್ಷತೆಯೇ ಮಗುವಿನ ಸಂಕೋಲೆಯಾಯಿತು. ತಂದೆಯ ಪರೋಕ್ಷತೆ ಒಡೆಯನಿಗೆ ರಕ್ಷೆಯಾಯಿತು, ಸಾಲದುದಕ್ಕೆ ಅವನ ಆಸ್ತಿಯೂ ಬೆಳೆಯಿತು. ದಾಸರ ವಂಶಗಳಲ್ಲಿ ತಂದೆಯ ಹೆಸರಿನ ಸ್ಥಳವು ತಲೆಮಾರು ತಲೆಮಾರಾಗಿ ತೆರವಾಗಿರುವುದು ಎಷ್ಟೋ ಕಡೆ ಯಾರ ಅಜ್ಞಾನದಿಂದಲೂ ಅಲ್ಲ. ತಿಳಿದಿದ್ದವರು ಬರೆಯಲಿಲ್ಲ.

ಆದುದರಿಂದ ‘ಪ್ರಮಾಣ ಸಾಲದು’ ಎಂಬ ಮಾತನ್ನು ಕೇಳಿದಾಗ, ಅದನ್ನು ಹೇಳುತ್ತಿರುವವರು ಯಾರೆಂದೂ ಕೇಳಬೇಕಾಗುತ್ತದೆ. ಥಾಮಸ್ ಜೆಫರ್ಸನ್ ೧೭೪೩ರಲ್ಲಿ ವರ್ಜೀನಿಯ ವಸಾಹತಿನಲ್ಲಿ ಹುಟ್ಟಿದವನು, ಸ್ವಾತಂತ್ರ್ಯಘೋಷಣೆಯ ಕರ್ತೃ, ಮೂರನೆಯ ರಾಷ್ಟ್ರಾಧ್ಯಕ್ಷ. ಅವನ ಮನೆಯ ದಾಸಿ ಸ್ಯಾಲಿ ಹೆಮಿಂಗ್ಸ್‌ಳ ಮಕ್ಕಳು ಅವನವೇ ಎಂದು ೧೮೦೨ರಲ್ಲಿ ಒಂದು ವೃತ್ತಪತ್ರಿಕೆ ಬರೆಯಿತು. ೧೮೭೩ರಲ್ಲಿ ಆ ಮಕ್ಕಳಲ್ಲೊಬ್ಬನಾದ ಮ್ಯಾಡಿಸನ್ ಹೆಮಿಂಗ್ಸ್ ತನ್ನ ತಂದೆ ಜೆಫರ್ಸನ್ನನೇ ಎಂದು ಒಹಾಯೋ ಸೀಮೆಯ ಒಂದು ಪತ್ರಿಕೆಯಲ್ಲಿ ಹೇಳಿದನು. ಜೆಫರ್ಸನ್ನನ ಮೊಮ್ಮಕ್ಕಳು ಅದನ್ನು ಒಪ್ಪಲಿಲ್ಲ. ಜೆಫರ್ಸನ್ನನ ತಂಗಿಯ ಮಕ್ಕಳಾದ ಕಾರ್ ಸೋದರರ ಕಡೆಗೆ ಬೆರಳು ತೋರಿದರು. ಮೊಮ್ಮಗನು ಪೀಟರ್ ಕಾರ್ ಎಂದನು, ಮೊಮ್ಮಗಳು ಸ್ಯಾಮ್ಯುಅಲ್ ಕಾರ್ ಎಂದಳು. ಒಂದೇ ಮನೆಯ ಸಾಕ್ಷಿಗಳು ಎರಡು ಹೆಸರು ಹೇಳಿದರೂ ಚರಿತ್ರಕಾರರಲ್ಲಿ ಬಹುಮಂದಿ ನೂರಕ್ಕೂ ಹೆಚ್ಚು ವರ್ಷ ಅವರನ್ನೇ ನಂಬಿದರು. ತನ್ನ ಮಾತಿನಲ್ಲಿ ನಿಂತ ಮ್ಯಾಡಿಸನ್ನನನ್ನು ನಂಬಲಿಲ್ಲ. ಅವನಿಗೆ ಸ್ವಾರ್ಥವಿತ್ತೆಂದರು. ಮೊಮ್ಮಕ್ಕಳಿಗೆ ಇರಲಿಲ್ಲವೆ? ಆನೆಟ್ ಗಾರ್ಡನ್ ರೀಡ್ ಎಂಬ ನ್ಯಾಯಶಾಸ್ತ್ರಜ್ಞೆಯು ೧೯೯೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೇಳಿದ ಪ್ರಶ್ನೆಯ ಸಾರ ಇಷ್ಟೇ: ಎರಡು ಕಡೆಗೂ ಒಂದೇ ತಕ್ಕಡಿಯನ್ನು ಹಿಡಿದಿರಾ?

ಮರುವರ್ಷ ರಕ್ತಪರೀಕ್ಷೆ ಬಂದಿತು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಹುಮಟ್ಟಿಗೆ ಬದಲಾಗದೆ ಇಳಿಯುವ ವೈ ವರ್ಣತಂತು ಎಂಬ ಬೀಜಾಂಶವೊಂದುಂಟು. ಜೆಫರ್ಸನ್ನನಿಗೆ ಮದುವೆಯ ಹೆಂಡತಿಯಲ್ಲಿ ಗಂಡುಸಂತಾನ ಉಳಿಯದಿದ್ದುದರಿಂದ ಅವನ ದೊಡ್ಡಪ್ಪನ ಗಂಡುಸಂತತಿಯವರ ರಕ್ತವನ್ನೂ, ಸ್ಯಾಲಿಯ ಕಿರಿಯ ಮಗ ಎಸ್ಟನ್ನನ ಗಂಡುಸಂತತಿಯವನೊಬ್ಬನ ರಕ್ತವನ್ನೂ ಹೋಲಿಸಿದರು. ಎರಡೂ ಕೂಡಿಬಂದವು, ಕಾರ್ ವಂಶದವರದು ಕೂಡಿಬರಲಿಲ್ಲ. ಇಲ್ಲಿಯೂ ಎಚ್ಚರ ಬೇಕು: ಈ ಪರೀಕ್ಷೆಯು ಅಣ್ಣತಮ್ಮಂದಿರನ್ನು ಬೇರ್ಪಡಿಸಲಾರದು, ಜೆಫರ್ಸನ್ ಮನೆತನದ ಗಂಡಸೊಬ್ಬನು ಎಂಬಷ್ಟನ್ನೇ ಹೇಳಬಲ್ಲುದು. ಸ್ಯಾಲಿಯ ಒಂದೊಂದು ಮಗು ಹುಟ್ಟುವ ಒಂಬತ್ತು ತಿಂಗಳ ಹಿಂದೆ ಜೆಫರ್ಸನ್ ಮನೆಯಲ್ಲಿದ್ದನೆಂಬ ದಾಖಲೆಯನ್ನೂ ಮ್ಯಾಡಿಸನ್ನನ ಮಾತನ್ನೂ ಅದಕ್ಕೆ ಸೇರಿಸಿಯೇ, ಜೆಫರ್ಸನ್ನನ ಮನೆಯನ್ನು ಕಾಪಾಡುತ್ತಿರುವ ಪ್ರತಿಷ್ಠಾನವು ೨೦೦೦ದಲ್ಲಿ ಅವನೇ ತಂದೆಯಿರಬೇಕೆಂಬ ನಿರ್ಣಯಕ್ಕೆ ಬಂದಿತು. ಮರುವರ್ಷ ಬೇರೊಂದು ವಿದ್ವನ್ಮಂಡಲಿಯಲ್ಲಿ ಹೆಚ್ಚಿನವರು ಒಪ್ಪದಿದ್ದುದೂ ಉಂಟು. ರಕ್ತವು ಹೊಸ ಸಾಕ್ಷಿಯಾಗಿ ಬಂದಿತು, ಅಷ್ಟೆ. ಮ್ಯಾಡಿಸನ್ನನು ಹೇಳಿದ ಮಾತು ೧೮೭೩ರಲ್ಲಿ ಎಷ್ಟು ನಿಜವಾಗಿತ್ತೋ ೧೯೯೮ರಲ್ಲಿಯೂ ಅಷ್ಟೇ ನಿಜ. ಅವನ ಜೀವಮಾನದಲ್ಲಿ ಅದನ್ನು ನಂಬಿದ್ದರೆ ಅವನಿಗೆ ಏನಾದರೂ ಪ್ರಯೋಜನವಾಗುತ್ತಿತ್ತು.

ಇಂಥ ಪರೀಕ್ಷೆ ಬ್ಲೇಕ್‌ವೇಯ ವಿಷಯದಲ್ಲಿಯೂ ಎಂದಾದರೂ ನಡೆಯಬಹುದು. ನಡೆದರೆ ಬೀಜ ಯಾರದೆಂದು ತಿಳಿದೀತು. ಹದಿನೇಳರ ಹುಡುಗನಿಗೆ ಜಮೀನಿನ ಜೊತೆಗೆ ಕಟ್ಟಿದ ಆ ಹೆಂಗಸು ಯಾರಿಗೆ ಮೊದಲು ಮಾತು ಕೊಟ್ಟಿದ್ದಳು, ದೇವರ ಮುಂದೆ ಎರಡೂ ಒಂದೇ ಎಂದಾಗ ಅವಳ ಮನಸ್ಸಿನಲ್ಲಿ ಏನಿತ್ತು, ಇದು ಯಾವ ಪರೀಕ್ಷೆಗೂ ದೊರೆಯದು.

ಛಾಂದೋಗ್ಯದಲ್ಲಿ ಬರುವ ಸತ್ಯಕಾಮನು ಗುರುವಿನ ಬಳಿಗೆ ಹೊರಟಾಗ ತಾಯಿಯನ್ನು ಗೋತ್ರ ಕೇಳಿದನು. ಆಕೆ ತನಗೆ ತಿಳಿಯದೆಂದಳು. ತನ್ನ ಹೆಸರು ಜಬಾಲೆ, ಅವನು ಸತ್ಯಕಾಮ, ಹಾಗೆಯೇ ಹೇಳಿಕೊಳ್ಳಲೆಂದಳು. ಗೌತಮನು ಆ ಹುಡುಗನ ನೇರ ನುಡಿಗೆ ಮೆಚ್ಚಿ ಉಪನಯನ ಮಾಡಿದನೆಂಬುದನ್ನು ಎಲ್ಲರೂ ಬಲ್ಲರು. ಸಾಮಾನ್ಯವಾಗಿ ಗಮನಕ್ಕೆ ಬಾರದ ಅಂಶವೊಂದುಂಟು. ಗೌತಮನು ಸತ್ಯವಾಕ್ಯವೇ ಬ್ರಾಹ್ಮಣನ ಗುರುತೆಂದು ಹುಡುಗನನ್ನು ಸ್ವೀಕರಿಸಿದನೇ ಹೊರತು, ಗೋತ್ರವಿಲ್ಲದವನಿಗೆ ಒಂದು ಗೋತ್ರವನ್ನು ಕಟ್ಟಿಕೊಡಲು ಹೋಗಲಿಲ್ಲ. ತೆರವಾದ ಸ್ಥಳ ತೆರವಾಗಿಯೇ ಉಳಿಯಿತು. ಹುಡುಗನು ತಾಯಿಯ ಹೆಸರಿನಿಂದ ಜಾಬಾಲನಾದನು. ಕ್ಯಾಥರೀನಳ ಮಗನಿಗೆ ಅಂಥ ಗುರುವಾಗಲಿ, ಮಾತು ಕೇಳಿ ಹೋಗಲು ತಾಯಿಯಾಗಲಿ ಸಿಗಲಿಲ್ಲ.

ರಿಚರ್ಡ್ ಮೋರನ ಸಮಾಧಿಯ ಕಲ್ಲು ಸೇಲಂ ಊರಿನ ಹಳೆಯ ಸ್ಮಶಾನದಲ್ಲಿ ಇಂದಿಗೂ ಇದೆ. ಮೇಫ್ಲವರ್ ಪ್ರಯಾಣಿಕರಲ್ಲಿ ಮೂಲದ ಸಮಾಧಿಶಿಲೆ ಉಳಿದಿರುವುದು ಅವನೊಬ್ಬನದೇ ಎನ್ನುತ್ತಾರೆ. ಕೆತ್ತಿದವರು ಅವನ ಹೆಸರನ್ನೂ ವಯಸ್ಸನ್ನೂ ಬರೆದು ತಂದೆತಾಯಿಗಳ ವಿಷಯವನ್ನು ಎತ್ತದೆ ಬಿಟ್ಟಿದ್ದರು. ಬಹುಕಾಲದ ಮೇಲೆ ಯಾರೋ ಅಭಿಮಾನಿಗಳು ಕೆಳಗಡೆ ಖಾಲಿಯಿದ್ದ ಸ್ಥಳವನ್ನು ನೋಡಲಾರದೆ, ಅವನು ಮೇಫ್ಲವರ್ ಯಾತ್ರಿಕನೆಂದೂ ೧೬೯೨ರಲ್ಲಿ ಸತ್ತನೆಂದೂ ಹೊಸದಾಗಿ ಕೆತ್ತಿಸಿದರು. ಅವನು ೧೬೯೪ರಲ್ಲಿ ಬದುಕಿದ್ದನೆಂಬುದಕ್ಕೆ ದಾಖಲೆಯಿದೆ.